ಖಾತೆ ಬದಲಾದರೆ ಪ್ರಮಾಣವಚನ ಬೇಕಿಲ್ಲ

ಮಾನ್ಯರೇ,

ಸಂಪುಟ ಪುನರ್‌ರಚನೆಯ ಮಾತೆದ್ದಾಗಲೆಲ್ಲ ವಿಸ್ತರಣೆಯನ್ನೂ ಖಾತೆ ಬದಲಾವಣೆಯನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಖಾತೆ ಅದಲುಬದಲಿಗೆ ರಾಜಭವನದಲ್ಲಿ ಸಮಾರಂಭ ಬೇಕಿಲ್ಲ. ಮುಖ್ಯಮಂತ್ರಿಯ ಸಲಹೆಯಂತೆ ಅಧಿಸೂಚನೆ ಹೊರಟರೆ ಮುಗಿಯಿತು. ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣ ಹೊಸದಾಗಿ ಸಂಪುಟ ಸೇರುವವರಿಗೆ.

ವಿಸ್ತರಣೆಗೆ ಮಾತ್ರ ಲೆಕ್ಕದ ಕಟ್ಟು ಇದೆ. ಸಂವಿಧಾನದ 2003ರ 91ನೇ ತಿದ್ದುಪಡಿಯ ಪ್ರಕಾರ ಸಚಿವರ ಸಂಖ್ಯೆ ವಿಧಾನಸಭೆಯ ಬಲದ ಶೇ 15ನ್ನು ಮೀರುವಂತಿಲ್ಲ. ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಿಗೆ ಅದು 33.6 ಆಗುತ್ತದೆ, ನಮ್ಮಲ್ಲಿ ಮುಖ್ಯಮಂತ್ರಿಯೂ ಸೇರಿ 34 ಎಂದು ಹಿಡಿಯುತ್ತಾರೆ. ವಿಧಾನ ಪರಿಷತ್ತಿನ 75 ಸ್ಥಾನಗಳು ಈ ಲೆಕ್ಕಕ್ಕಿಲ್ಲ, ಆದರೆ ಅಲ್ಲಿಂದ ಸಚಿವರಾದವರು ಆ 34ರೊಳಗೇ. ಹಾಗಾಗಿ ಭರ್ತಿಯಾದ ಸಂಪುಟಕ್ಕೆ ಒಬ್ಬರನ್ನು ತರಬೇಕಾದರೆ ಇನ್ನೊಬ್ಬರನ್ನು ಇಳಿಸಲೇಬೇಕು. ಅವಕಾಶ ಕೈತಪ್ಪಿದವರಿಗೆ ನಿಗಮ, ಮಂಡಳಿ, ‘ಸಂಪುಟ ದರ್ಜೆ’ ಹುಡುಕುವ ಪೇಚಾಟ ಶುರುವಾಗುವುದು ಇಲ್ಲಿಂದಲೇ. (ದರ್ಜೆ ಸಿಕ್ಕರೂ ಸಂಪುಟ ಸಭೆಯಲ್ಲಿ ಕುರ್ಚಿ ಸಿಗದು.)

ಯಾವ ಸದನದಲ್ಲೂ ಇಲ್ಲದವರು ಆರು ತಿಂಗಳಷ್ಟೇ ಸಚಿವರಾಗಿರಬಹುದು. ಅವರಿಂದ ರಾಜೀನಾಮೆ ಕೊಡಿಸಿ, ಆಯ್ಕೆಯಾಗದೆಯೇ ಮತ್ತೆ ಪ್ರಮಾಣವಚನ ಬೋಧಿಸುವ ಚಾಲಾಕಿತನಕ್ಕೆ ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ತಡೆ ಹಾಕಿದೆ.

– ಓದುಗ, ಬೆಂಗಳೂರು