ಜೋಕರ್‌ ಆದರ್ಶ ಪ್ರೇಮಿಯಲ್ಲ

ಮಾನ್ಯರೇ,

ಕಾಮಿಕ್ಸ್‌ ನಾಯಕರು ಮತ್ತು ಖಳನಾಯಕರಲ್ಲಿ ಯಾರು ಸುಂದರರು, ಯಾರು ಒಳ್ಳೆಯ ಸಂಗಾತಿಯಾಗಬಲ್ಲರು ಎಂಬ ಚರ್ಚೆ ಯುವಜನರಲ್ಲಿ ಉತ್ಸಾಹದಿಂದ ನಡೆಯುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್‌ ಮತ್ತು ಅವನ ಪ್ರೇಯಸಿ ಹಾರ್ಲಿ ಕ್ವಿನ್‌ ಜೋಡಿಯನ್ನು ಗಾಢ ಪ್ರೇಮದ ಮಾದರಿಯೆಂದು ಮೆಚ್ಚುವವರನ್ನು ಕಂಡಾಗ ಆತಂಕವಾಗುತ್ತದೆ. 1992ರಲ್ಲಿ ಬ್ಯಾಟ್‌ಮ್ಯಾನ್‌ ಅನಿಮೇಷನ್‌ ಸರಣಿಯಲ್ಲಿ ಮೊದಲು ಕಾಣಿಸಿಕೊಂಡ ಹಾರ್ಲಿಯ ಪೂರ್ವಕಥೆ 1994ರ ಕಾಮಿಕ್ಸ್‌ನಲ್ಲಿದೆ. ಮನೋವೈದ್ಯೆಯಾಗಿದ್ದ ಆಕೆ ತನ್ನ ರೋಗಿಯಾಗಿದ್ದ ಜೋಕರ್‌ಗೇ ಮರುಳಾಗಿ, ಅವನನ್ನು ಮೆಚ್ಚಿಸಲೆಂದು ಬ್ಯಾಟ್‌ಮ್ಯಾನ್‌ನನ್ನು ಸೆರೆಹಿಡಿದರೆ, ಅದರಿಂದ ಕೆರಳಿದ ಜೋಕರ್‌ ಅವಳನ್ನೇ ಕಿಟಕಿಯಿಂದ ಹೊರಗೆ ತಳ್ಳುತ್ತಾನೆ. ಮೈತುಂಬ ಬ್ಯಾಂಡೇಜ್‌ ಸುತ್ತಿಸಿಕೊಂಡು, ಇನ್ನು ಇವನ ಸಹವಾಸ ಸಾಕು ಎಂದುಕೊಂಡವಳು, ಅವನು ಕಳಿಸಿದ ಒಂದು ಗುಲಾಬಿಯನ್ನು ಕಂಡೊಡನೆ ಮತ್ತೆ ಕರಗಿಹೋಗುತ್ತಾಳೆ. ಹಿಂಸೆಯ ಸುಳಿಯನ್ನು ಕಥೆ ಇಷ್ಟು ನಿಚ್ಚಳವಾಗಿ ತೋರಿಸಿದರೂ, ಅದನ್ನು ಪ್ರಣಯವೆಂದು ಓದುವುದು ಹಾರ್ಲಿಗೆ ಮಾಡುವ ಅನ್ಯಾಯ.

ಬ್ಯಾಟ್‌ಮ್ಯಾನ್‌ ರೂಪವಂತ, ಸಿರಿವಂತ, ನಿಜ. ಆದರೆ ಅವನು ಸುಖವಾಗಿದ್ದರೆ ಬ್ಯಾಟ್‌ಮ್ಯಾನ್‌ ಆಗಿ ಉಳಿಯಲಾರ ಎಂಬ ಕಾರಣಕ್ಕೆ ಅವನ ಪ್ರೇಯಸಿ ಕ್ಯಾಟ್‌ವುಮನ್‌ 2018ರ ಸಂಚಿಕೆಯಲ್ಲಿ ಮದುವೆಯಿಂದಲೇ ಹಿಂದೆ ಸರಿದಳು. ನನ್ನ ಮತವೇನಿದ್ದರೂ ಕ್ಲಾರ್ಕ್‌ ಕೆಂಟ್‌ಗೆ. ತಾನೇ ಸೂಪರ್‌ಮ್ಯಾನ್‌ ಎಂಬ ಗುಟ್ಟನ್ನು ಲೋಯಿಸ್‌ ಲೇನ್‌ಗೆ ಬಾಯಿಬಿಟ್ಟು ಹೇಳಿ, 1996ರಲ್ಲಿ ಅವಳನ್ನು ಮದುವೆಯಾದ ಅವನು, ಅಪಾಯವನ್ನು ಬೆನ್ನಟ್ಟಿ ಸುದ್ದಿ ತರುವ ಅವಳ ವೃತ್ತಿಯನ್ನು ಗೌರವಿಸುತ್ತಾನೆ. ಪರ್ವತವನ್ನೇ ಎತ್ತಬಲ್ಲವನಾದರೂ ಆ ಬಲವನ್ನು ಎಂದೂ ಅವಳ ಮೇಲೆ ಹೇರುವುದಿಲ್ಲ.

– ಓರ್ವ ಕಾಮಿಕ್ಸ್‌ ಓದುಗ, ಶಿವಮೊಗ್ಗ