ಮಳೆಗಾಲದ ರೇಷನ್ ಮೇ ತಿಂಗಳಲ್ಲೇ ಕೊಡಿ

ಮಾನ್ಯ ಸಂಪಾದಕರೇ,

ನಾನು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಕೂಲಿ ಮಾಡುವವಳು. ಹಣ್ಣು ಕೊಯ್ಲಿನ ಕಾಲದಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಕೆಲಸ ಕಡಿಮೆ. ಮಕ್ಕಳ ನೋಟ್‌ಬುಕ್, ಕೊಡೆ ಅಂತ ಖರ್ಚೂ ಆಗಲೇ ಜಾಸ್ತಿ. ಅದಕ್ಕೇ ಬೇಸಿಗೆಯಲ್ಲೇ ಸಂತೆಯಿಂದ ಬೇಳೆ, ಹುರುಳಿ, ಒಣಮೀನು, ಉಪ್ಪು, ಸೋಪು ತಂದಿಡುತ್ತೇನೆ. ಒಂದೇ ಸಲಕ್ಕೆ ಆಗುವುದಿಲ್ಲ, ವಾರಕ್ಕೆ ಒಂದೋ ಎರಡೋ ಸಾಮಾನು. ಬೇಳೆಯನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಬಿಸಿ ಆರಿದ ಮೇಲೆ ಡಬ್ಬಕ್ಕೆ ತುಂಬಿ, ಮೇಲೆ ನಾಲ್ಕು ಒಣಮೆಣಸಿನಕಾಯಿ ಇಡಬೇಕು. ಇಲ್ಲದಿದ್ದರೆ ನಮ್ಮ ಮಲೆನಾಡಿನ ಥಂಡಿಗೆ ಹುಳ ಬೀಳುತ್ತದೆ. ಒಣಮೀನಿಗೆ ಒಲೆಯ ಮೇಲಿನ ಅಟ್ಟವೇ ಒಳ್ಳೆಯ ಜಾಗ.

ಆದರೆ ಅಕ್ಕಿ ಕೊಂಡು ಕೂಡಿಡುವಷ್ಟು ಶಕ್ತಿ ನಮಗಿಲ್ಲ. ಮಳೆ ಜೋರಾದರೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ. ರೇಷನ್ ಅಂಗಡಿಯ ಮಿಷನ್ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಸಿಗುವ ಅಷ್ಟಿಷ್ಟು ಕೂಲಿಯನ್ನೂ ಬಿಟ್ಟು ಸುಮ್ನೆ ವಾಪಸ್ ಬರಬೇಕು, ಇದು ಅನ್ಯಾಯ ಅಲ್ವಾ? ಆಹಾರ ಇಲಾಖೆಯವರು ಮಲೆನಾಡಿನ ತಾಲ್ಲೂಕುಗಳಿಗೆ ಜೂನ್, ಜುಲೈ ಅಕ್ಕಿಯನ್ನು ಪ್ರತಿ ವರ್ಷ ಮೇ ತಿಂಗಳಲ್ಲೇ ಒಟ್ಟಿಗೆ ಕೊಡಲಿ. ತೋಟದ ಮಾಲೀಕರೂ ಬಾಕಿ ಕೂಲಿಯನ್ನು ಮಳೆಗೆ ಮುಂಚೆಯೇ ಚುಕ್ತಾ ಮಾಡಲಿ.

– ತೋಟದ ಕೆಲಸಗಾರ್ತಿ, ಮೂಡಿಗೆರೆ