ಸಂಕೇತ ತಪ್ಪಿದರೂ ನಿಲ್ಲದ ಕಾರು: ನಿಮ್ಮ ರಿಮೋಟ್ ಚಾಲನಾ ಕಿಟ್ ಕುರಿತು ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕಾರನ್ನು ರೇಡಿಯೊ ರಿಮೋಟಿನಿಂದ ಓಡಿಸುವ ಕಿಟ್‌ನಲ್ಲಿರುವ ಅಪಾಯಕಾರಿ ದೋಷಗಳು; ಹಣ ವಾಪಸಾತಿ ಮತ್ತು ಉಳಿದ ಗ್ರಾಹಕರಿಗೆ ಎಚ್ಚರಿಕೆ ನೀಡುವ ಬಗ್ಗೆ.

ಮಾನ್ಯರೇ,

ಈ ವಿಷಯವಾಗಿ ನಾನು ಬರೆಯುತ್ತಿರುವ ಮೂರನೆಯ ಪತ್ರವಿದು. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಉತ್ತರವೆಂದು ಬಂದದ್ದು ಕೈಪಿಡಿಯ ಇನ್ನೊಂದು ಪ್ರತಿ ಮತ್ತು 'ಗ್ರಾಹಕರು ಆಂಟೆನಾವನ್ನು ಸರಿಯಾಗಿ ಅಳವಡಿಸಿಲ್ಲ' ಎಂಬ ಒಂದು ಸಾಲು. ಆ ಕೈಪಿಡಿಯನ್ನು ನಿಮ್ಮ ಕಚೇರಿಯಲ್ಲಿ ಯಾರಾದರೂ ಓದಿದ್ದಾರೆಯೇ ಎಂಬ ಅನುಮಾನ ನನಗಿದೆ. ಆಂಟೆನಾವನ್ನು ನಾನು ಕೂರಿಸಿದ್ದು ಅದರ 9ನೇ ಪುಟದ ಚಿತ್ರ ತೋರಿಸುವ ಜಾಗದಲ್ಲೇ.

ನಡೆದದ್ದನ್ನು ಮತ್ತೊಮ್ಮೆ ಹೇಳುತ್ತೇನೆ. ನಿಮ್ಮ ಕಿಟ್ ಹಾಕಿದ್ದು ಆಟೋಮ್ಯಾಟಿಕ್ ಗೇರಿನ ಹಳೆಯ ಪೆಟ್ರೋಲ್ ಕಾರಿಗೆ. ಸುತ್ತ ಗೋಡೆಯಿರುವ, ಜನ ಓಡಾಡದ ಮೈದಾನದಲ್ಲಿ, ಕಾರಿನೊಳಗೆ ಯಾರನ್ನೂ ಕೂರಿಸದೆ ಪರೀಕ್ಷೆ ಮಾಡುತ್ತಿದ್ದೆವು. ಮೊದಲ ಎರಡು ದಿನ ಎಲ್ಲವೂ ಚೆನ್ನಾಗಿತ್ತು. ಮೂರನೆಯ ದಿನ ಕಾರು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಹೋಗುತ್ತಾ ಎಡಕ್ಕೆ ತಿರುಗಲು ಆರಂಭಿಸಿತು. ಅಷ್ಟರಲ್ಲಿ ಸಂಕೇತ ತಪ್ಪಿತು. ಆಕ್ಸಿಲರೇಟರ್ ಕಡ್ಡಿಯನ್ನು ಪೂರ್ತಿ ಹಿಂದಕ್ಕೆ ಎಳೆದೆ. ವೇಗ ಇಳಿಯಲಿಲ್ಲ. ಎಂಜಿನ್ ನಿಲ್ಲಿಸಲೆಂದು ರಿಮೋಟಿನಲ್ಲಿರುವ ಕೆಂಪು ಗುಂಡಿ ಒತ್ತಿದೆ. ಎಂಜಿನ್ ನಿಲ್ಲಲಿಲ್ಲ. ಕಾರು ಅದೇ ವೇಗದಲ್ಲಿ, ಸ್ಟೀರಿಂಗ್ ಅದೇ ಕೋನದಲ್ಲಿ, ದೊಡ್ಡ ಸುತ್ತು ಹಾಕಿಕೊಂಡು ನಮ್ಮ ಕಡೆಗೇ ತಿರುಗಿತು. ನಮ್ಮ ಪುಣ್ಯಕ್ಕೆ ದಾರಿಯಲ್ಲಿ ಮರಳಿನ ಗುಡ್ಡೆಯೊಂದಿತ್ತು. ಅದಕ್ಕೆ ಮೂತಿ ತೂರಿಸಿ ನಿಂತ ಮೇಲೂ ಗಾಲಿಗಳು ಮರಳು ಬಗೆಯುತ್ತಲೇ ಇದ್ದವು. ಗೆಳೆಯನೊಬ್ಬ ಓಡಿಹೋಗಿ ಕಿಟಕಿಯೊಳಗೆ ಕೈ ತೂರಿಸಿ ಬೀಗದ ಕೈ ತಿರುಗಿಸಿದ ನಂತರವೇ ಎಂಜಿನ್ ಸುಮ್ಮನಾಯಿತು. ತಿರುಗುತ್ತಿರುವ ಗಾಲಿಯ ಪಕ್ಕದಲ್ಲಿ ನಿಂತು ಹಾಗೆ ಮಾಡುವುದು ಎಂಥ ಹುಚ್ಚು ಸಾಹಸ ಎಂಬುದನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೈಪಿಡಿಯ 14ನೇ ಪುಟದಲ್ಲಿ ನೀವು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದೀರಿ: 'ಸಂಕೇತ ಕಡಿದುಹೋದರೆ ವಾಹನ ತಾನಾಗಿಯೇ ಸುರಕ್ಷಿತವಾಗಿ ನಿಲ್ಲುತ್ತದೆ.'

ಮರುದಿನ ಕಾರನ್ನು ಜಾಕ್ ಮೇಲೆತ್ತಿ, ನಾಲ್ಕೂ ಗಾಲಿ ನೆಲ ಬಿಟ್ಟ ಮೇಲೆ, ಆಕ್ಸಿಲರೇಟರನ್ನು ಕಾಲು ಭಾಗ ಒತ್ತಿ ಟ್ರಾನ್ಸ್‌ಮಿಟರನ್ನೇ, ಅಂದರೆ ಕೈಯಲ್ಲಿರುವ ರಿಮೋಟನ್ನೇ, ಆಫ್ ಮಾಡಿ ನೋಡಿದೆ. ಆಕ್ಸಿಲರೇಟರ್ ಕೇಬಲ್ ಎಳೆಯುವ ಸರ್ವೊ ಮೋಟಾರು ಕದಲಲಿಲ್ಲ. ಕೊನೆಯದಾಗಿ ಬಂದ ಆಜ್ಞೆಯನ್ನೇ ಹಿಡಿದುಕೊಂಡು ಕೂತಿತ್ತು. ಆಕ್ಸಿಲರೇಟರ್ ಕೇಬಲ್ಲಿಗೆ ಹಿಂದಕ್ಕೆಳೆಯುವ ಸ್ಪ್ರಿಂಗ್ ಇದೆ, ನಿಜ. ಆದರೆ ವಿದ್ಯುತ್ ಹರಿಯುತ್ತಿರುವ ಸರ್ವೊ ಅದಕ್ಕೆ ಸೋಲುವುದಿಲ್ಲ. ಇದು ಕೆಟ್ಟುಹೋದ ರಿಸೀವರ್ (ಕಾರಿನಲ್ಲಿ ಸಂಕೇತ ಹಿಡಿಯುವ ಸಾಧನ) ಅಲ್ಲ, ಹೊಂದಿಸದೆ ಕಳಿಸಿದ ರಿಸೀವರ್. ಸಂಕೇತ ಹೋದಾಗ ಆಕ್ಸಿಲರೇಟರ್, ಬ್ರೇಕ್ ಮುಂತಾದವುಗಳ ಪ್ರತಿ ಚಾನೆಲ್ ಏನು ಮಾಡಬೇಕು ಎಂಬುದನ್ನು, ಅಂದರೆ ಫೇಲ್‌ಸೇಫನ್ನು, ಬೈಂಡ್ ಮಾಡುವಾಗಲೇ (ರಿಸೀವರನ್ನು ಟ್ರಾನ್ಸ್‌ಮಿಟರಿಗೆ ಜೋಡಿ ಮಾಡುವಾಗಲೇ) ಅದಕ್ಕೆ ಕಲಿಸಬೇಕು. ಕಲಿಸದಿದ್ದರೆ ಅದು ಕೊನೆಯ ಸ್ಥಿತಿಯಲ್ಲೇ ಉಳಿಯುತ್ತದೆ. ಆಕ್ಸಿಲರೇಟರ್ ಸೊನ್ನೆ, ಬ್ರೇಕ್ ಪೂರ್ತಿ ಎಂದು ಇಟ್ಟು ನಾನೇ ಮತ್ತೆ ಬೈಂಡ್ ಮಾಡಿದೆ. ಸರ್ವೊ ಹೇಳಿದಂತೆ ಕೇಳಿತು. ಐದು ನಿಮಿಷದ ಕೆಲಸ. ಈ ಐದು ನಿಮಿಷದ ಬಗ್ಗೆ ಕೈಪಿಡಿಯ 32 ಪುಟಗಳಲ್ಲಿ ಒಂದು ಅಕ್ಷರವೂ ಇಲ್ಲ.

ಹಾರುತ್ತಿರುವ ಮಾದರಿ ವಿಮಾನಕ್ಕೆ ಸಂಕೇತ ಕ್ಷಣಕಾಲ ತಪ್ಪಿದಾಗ ಹಿಂದಿನ ಆಜ್ಞೆಯನ್ನೇ ಹಿಡಿದಿರುವುದು ಒಳ್ಳೆಯದೇ ಇರಬಹುದು. ಕಾರಿಗೆ ಆ ನ್ಯಾಯ ಹೊಂದುವುದಿಲ್ಲ. 2 ಕಿಲೋಗ್ರಾಂ ತೂಗುವ ಆಟಿಕೆ ಕಾರು ಮತ್ತು 1000 ಕಿಲೋಗ್ರಾಂ ತೂಗುವ ನಿಜವಾದ ಕಾರು ಒಂದೇ ವೇಗದಲ್ಲಿ ಬಂದರೆ, ಎರಡನೆಯದರ ಹೊಡೆತದಲ್ಲಿರುವ ಶಕ್ತಿ 500 ಪಟ್ಟು. ಆಟಿಕೆಯ ಪೆಟ್ಟಿಗೆಯಿಂದ ತೆಗೆದ ರಿಸೀವರನ್ನು ಹಾಗೆಯೇ ಕಾರಿಗೆ ಹಾಕಿ ಮಾರಿದವರಿಗೆ ಈ ಲೆಕ್ಕ ಹೊಳೆಯಬೇಕಿತ್ತು.

ಇನ್ನು ಕೆಂಪು ಗುಂಡಿ. ಫೇಲ್‌ಸೇಫ್, ಗುಂಡಿ, ಬ್ರೇಕ್ ಈ ಮೂರರಲ್ಲಿ ನನಗೆ ಹೆಚ್ಚು ಸಿಟ್ಟು ತರಿಸಿದ್ದು ಇದೇ. ಆ ಗುಂಡಿಯ ಆಜ್ಞೆಯೂ ಅದೇ ಟ್ರಾನ್ಸ್‌ಮಿಟರಿನಿಂದ ಹೊರಟು ಅದೇ ರಿಸೀವರಿಗೆ ಹೋಗುತ್ತದೆ. ದಾರಿ ಮುಚ್ಚಿದಾಗಲೇ ಬೇಕಾಗುವ ಗುಂಡಿಯನ್ನು ಅದೇ ದಾರಿಯ ಮೇಲೆ ನಂಬಿಕೆಯಿಟ್ಟು ಕೂರಿಸಿದ್ದೀರಿ. ಅದರ ರಿಲೇಯನ್ನು (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚನ್ನು) ಬಿಚ್ಚಿ ನೋಡಿದರೆ, ಎಂಜಿನ್ನಿನ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ತಂತಿಯನ್ನು 87ಎ ಕಾಲಿಗೆ, ಅಂದರೆ ರಿಲೇಗೆ ವಿದ್ಯುತ್ ಇಲ್ಲದಾಗ ಕೂಡಿಕೊಂಡಿರುವ ಕಾಲಿಗೆ, ಸೇರಿಸಲಾಗಿದೆ. ಅಂದರೆ ರಿಲೇಗೆ ವಿದ್ಯುತ್ ಸಿಕ್ಕಾಗ ಮಾತ್ರ ಎಂಜಿನ್ ನಿಲ್ಲುತ್ತದೆ. ತಂತಿ ಕಡಿದರೆ, ಫ್ಯೂಸ್ ಹೋದರೆ, ನಿಮ್ಮ ನಿಯಂತ್ರಣ ಪೆಟ್ಟಿಗೆ ಸತ್ತುಹೋದರೆ, ಎಂಜಿನ್ ನೆಮ್ಮದಿಯಾಗಿ ಓಡುತ್ತಲೇ ಇರುತ್ತದೆ. ಆಗಬೇಕಾದ್ದು ತದ್ವಿರುದ್ಧ: ತಂತಿ ವಿದ್ಯುತ್ ಸಿಕ್ಕಾಗ ಮಾತ್ರ ಕೂಡುವ 87ನೇ ಕಾಲಿಗೆ ಹೋಗಬೇಕು, ಸಂಕೇತ ಸರಿಯಾಗಿ ಬರುತ್ತಿರುವಷ್ಟು ಹೊತ್ತು ಮಾತ್ರ ರಿಲೇ ಎಂಜಿನ್ನಿಗೆ ಅನುಮತಿ ಕೊಡಬೇಕು, ಯಾವ ಕೊಂಡಿ ತಪ್ಪಿದರೂ ಎಂಜಿನ್ ನಿಲ್ಲಬೇಕು. ತಂತಿಯನ್ನೇನೋ ನಾನೇ ಬದಲಿಸಬಲ್ಲೆ. ಪೆಟ್ಟಿಗೆಯೊಳಗಿನ ಪ್ರೋಗ್ರಾಮನ್ನು ತಿರುಗಿಸಬೇಕಾದವರು ನೀವು. ಡೀಸೆಲ್ ವಾಹನಕ್ಕೂ ಇದೇ ಜೋಡಣೆ ಸಾಕು ಎಂದು 17ನೇ ಪುಟದಲ್ಲಿ ಬರೆದಿದ್ದೀರಲ್ಲ, ಅದನ್ನು ದಯವಿಟ್ಟು ಇಂದೇ ಅಳಿಸಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ; ಇಂಧನ ನಿಲ್ಲಿಸದೆ ಅದು ನಿಲ್ಲುವುದಿಲ್ಲ.

ಬ್ರೇಕಿನ ವಿಷಯಕ್ಕೆ ಬರುತ್ತೇನೆ. 'ತಕ್ಷಣದ ಬ್ರೇಕ್' ಎಂದು ಜಾಹೀರಾತು. ಬ್ರೇಕ್ ಪೆಡಲನ್ನು ಒತ್ತುವ ನಿಮ್ಮ ಆಕ್ಚುಯೇಟರಿನ (ಮೋಟಾರಿನಿಂದ ಚಾಚುವ ದಂಡದ) ಮೇಲೆ ಅಂಟಿಸಿರುವ ಚೀಟಿಯೇ ಅದರ ವೇಗ ಸೆಕೆಂಡಿಗೆ 10 ಮಿಲಿಮೀಟರ್ ಎನ್ನುತ್ತದೆ. ನನ್ನ ಕಾರಿನಲ್ಲಿ ಪೆಡಲನ್ನು 80 ಮಿಲಿಮೀಟರ್ ಒತ್ತಬೇಕು. ಅಂದರೆ 8 ಸೆಕೆಂಡು. ಗಂಟೆಗೆ 20 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ ಸುಮಾರು 44 ಮೀಟರ್ ಸಾಗುತ್ತದೆ. ಬ್ರೇಕ್ ನಡುವೆಯೇ ಹಿಡಿಯತೊಡಗುತ್ತದೆ ಎಂದು ನೀವು ವಾದಿಸಬಹುದು. ಸರಿ, ಅದರಲ್ಲಿ ಅರ್ಧ ಎಂದೇ ಇಟ್ಟುಕೊಳ್ಳೋಣ. 22 ಮೀಟರನ್ನು ತಕ್ಷಣ ಎನ್ನುವುದು ಯಾವ ಭಾಷೆಯಲ್ಲಿ? ಸ್ಕ್ರೂ ತಿರುಗಿ ಚಾಚುವ ಆಕ್ಚುಯೇಟರಿನಲ್ಲಿ ಬಲ ಹೆಚ್ಚಿದಷ್ಟೂ ವೇಗ ಕಡಿಮೆ ಎಂಬುದು ಗೊತ್ತಿರುವ ಸಂಗತಿಯೇ. ವಿಚಿತ್ರವೆಂದರೆ ನಿಮ್ಮದಕ್ಕೆ ಆ ಬಲವೂ ಇಲ್ಲ. ಎಂಜಿನ್ ನಿಂತ ಮೇಲೆ, ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿನಲ್ಲಿ ಉಳಿಯುವ ನಿರ್ವಾತ ಒಂದೆರಡು ಬಾರಿ ಒತ್ತುವುದಕ್ಕೆ ಮಾತ್ರ ಸಾಕು. ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಜಾಕ್ ಮೇಲಿನ ಪರೀಕ್ಷೆಯಲ್ಲಿ ಮೂರನೆಯ ಬಾರಿಗೆ ನಿಮ್ಮ ಆಕ್ಚುಯೇಟರ್ ಅರ್ಧ ದಾರಿಯಲ್ಲೇ ಏದುಸಿರು ಬಿಟ್ಟು ನಿಂತಿತು. ಕೆಂಪು ಗುಂಡಿಯಿಂದ ಎಂಜಿನ್ ನಿಲ್ಲಿಸಿದರೆ ಬ್ರೇಕಿನ ಸಹಾಯವೂ ಹೋಗುತ್ತದೆ ಎಂಬುದನ್ನು ಕಿಟ್ ರೂಪಿಸಿದವರು ಯೋಚಿಸಿದಂತೆ ಕಾಣುವುದಿಲ್ಲ.

ಆಂಟೆನಾ ಬಗ್ಗೆ ನಿಮ್ಮ ಆರೋಪಕ್ಕೆ ಉತ್ತರ ಚಿಕ್ಕದು. 2.4 ಗಿಗಾಹರ್ಟ್ಸ್ ರಿಸೀವರಿನ ಆಂಟೆನಾದ ಕೆಲಸ ಮಾಡುವ ತುದಿ ಸುಮಾರು 31 ಮಿಲಿಮೀಟರ್ ಉದ್ದ. ಅದನ್ನು ಬಾನೆಟ್ ಕೆಳಗೆ, ಸುತ್ತಲೂ ಲೋಹ, ಪಕ್ಕದಲ್ಲೇ ಸ್ಪಾರ್ಕ್ ಪ್ಲಗ್ ತಂತಿಗಳಿರುವಲ್ಲಿ ಕಟ್ಟಿ ಎಂದು ಹೇಳಿದ್ದು ನಿಮ್ಮ ಚಿತ್ರ. ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಹಿಂದೆ ಇಟ್ಟ ಮೇಲೆ ಅದೇ ಮೈದಾನದ ಈ ತುದಿಯಿಂದ ಆ ತುದಿಗೆ ಸಂಕೇತ ಒಮ್ಮೆಯೂ ತಪ್ಪಿಲ್ಲ.

ಸ್ಟೀರಿಂಗ್ ಭಾಗವನ್ನು ದೂರಲಾರೆ. ಚೈನು, ಹಲ್ಲಿನ ಚಕ್ರ, ಒಂದು ತುದಿಯಿಂದ ಇನ್ನೊಂದಕ್ಕೆ ಮೂರು ಸುತ್ತು ತಿರುಗುವ ಸ್ಟೀರಿಂಗನ್ನು ಅಳೆಯಲು ಹತ್ತು ಸುತ್ತಿನ ಪೊಟೆನ್ಷಿಯೋಮೀಟರ್, ಎಲ್ಲವೂ ಅಚ್ಚುಕಟ್ಟು. ಅದನ್ನು ಮಾಡಿದವರಿಗೇ ಬ್ರೇಕಿನ ಕೆಲಸವನ್ನೂ ಒಪ್ಪಿಸಿದ್ದರೆ ಈ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲವೇನೋ.

'ಈ ತಂತ್ರಜ್ಞಾನ ನೂರು ವರ್ಷಗಳಿಂದ ಸಾಬೀತಾಗಿದೆ' ಎಂದು ನಿಮ್ಮ ಜಾಹೀರಾತಿನಲ್ಲಿ ಓದಿದೆ. 1925ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಚಾಲಕನಿಲ್ಲದ ಕಾರೊಂದನ್ನು ಹಿಂದೆ ಬರುತ್ತಿದ್ದ ಕಾರಿನಿಂದ ರೇಡಿಯೊ ಮೂಲಕ ಓಡಿಸಿದ್ದು ಹೌದು. ಆ ಪ್ರದರ್ಶನದಲ್ಲೇ ಅದು ಹತೋಟಿ ತಪ್ಪಿ ಬೇರೊಂದು ವಾಹನಕ್ಕೆ ಗುದ್ದಿದ್ದೂ ಹೌದು. ನೀವು ಮುಂದುವರಿಸುತ್ತಿರುವ ಪರಂಪರೆ ಅದೇ ಆಗಿದ್ದರೆ ಜಾಹೀರಾತಿನಲ್ಲಿ ಸ್ಪಷ್ಟಪಡಿಸಿ.

ನನಗೆ ಬೇಕಾದದ್ದು ಇಷ್ಟು. ಬ್ರೇಕ್ ಆಕ್ಚುಯೇಟರ್ ಮತ್ತು ನಿಯಂತ್ರಣ ಪೆಟ್ಟಿಗೆಯ ಪೂರ್ತಿ ಹಣ ಹಿಂದಿರುಗಿಸಿ. ಇಲ್ಲವೇ ವಿದ್ಯುತ್ ಹೋದ ಕೂಡಲೇ ಸ್ಪ್ರಿಂಗಿನ ಬಲದಿಂದ ತಾನೇ ಬ್ರೇಕ್ ಒತ್ತುವ ಘಟಕವನ್ನೂ, ಎಂಜಿನ್ ನಿಲ್ಲಿಸಲು ಬೇರೆಯದೇ ರೇಡಿಯೊವನ್ನೂ ಕಳಿಸಿ. ನನ್ನ ಹಣಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಕಿಟ್ ಕೊಂಡ ಎಲ್ಲರ ವಿಳಾಸ ನಿಮ್ಮ ಬಳಿ ಇದೆ. ಫೇಲ್‌ಸೇಫ್ ಹೊಂದಿಸುವವರೆಗೆ, ರಿಲೇ ಬದಲಿಸುವವರೆಗೆ ವಾಹನವನ್ನು ನೆಲದ ಮೇಲೆ ಓಡಿಸಬೇಡಿ ಎಂದು ಪ್ರತಿಯೊಬ್ಬರಿಗೂ ಈ ವಾರವೇ ಬರೆಯಿರಿ. ಎಲ್ಲರ ಮೈದಾನದಲ್ಲೂ ಮರಳಿನ ಗುಡ್ಡೆ ಇರುವುದಿಲ್ಲ.

15 ದಿನಗಳೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ಮೂರನೆಯ ದಿನದ ವಿಡಿಯೊ, ರಿಲೇ ಜೋಡಣೆಯ ಚಿತ್ರಗಳು, ನಿಮ್ಮ ಕೈಪಿಡಿಯ 9, 14 ಮತ್ತು 17ನೇ ಪುಟಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಕಾರು ಈಗ ಜಾಕ್ ಮೇಲೆಯೇ ಇದೆ. ನಿಮ್ಮ ತಂತ್ರಜ್ಞರು ಬಂದು ನೋಡುವುದಾದರೆ ಹಿಂದಿನ ದಿನ ತಿಳಿಸಿದರೆ ಸಾಕು, ಇಡೀ ದಿನ ಅವರ ಜೊತೆಗಿರುತ್ತೇನೆ. ಕೈಪಿಡಿಯ ಪ್ರತಿಯನ್ನು ಮಾತ್ರ ಮತ್ತೆ ಕಳಿಸಬೇಡಿ, ನನ್ನ ಬಳಿ ಈಗಾಗಲೇ ಎರಡಿವೆ.

ಇತಿ,
ನಿಮ್ಮ ಗ್ರಾಹಕ